ತೊಡೆಯ ಮೇಲೆ ಮಲಗಿದ ಗಿಟಾರ್, ನೆಲಕ್ಕೆ ಕುಳಿತ ಪಿಟೀಲು

ಅಹಮದಾಬಾದಿನಲ್ಲಿ ಜನವರಿ ತಿಂಗಳ ಮೊದಲ ಹದಿಮೂರು ರಾತ್ರಿಗಳು ಸಂಗೀತಕ್ಕೆ ಮೀಸಲು. 14ರಂದು ಉತ್ತರಾಯಣ, ಅಂದು ಊರಿಗೆ ಊರೇ ಮಾಳಿಗೆಯೇರಿ ಗಾಳಿಪಟ ಹಾರಿಸುತ್ತದೆ. ಅದಕ್ಕೆ ಮುನ್ನ, 1ರಿಂದ 13ರವರೆಗೆ, ಸಪ್ತಕ್ ಸಂಗೀತ ಸಮಾರೋಹ. ತಬಲಾ ವಾದಕ ನಂದನ್ ಮೆಹ್ತಾ ಮತ್ತು ಅವರ ಪತ್ನಿ, ಸಿತಾರ್ ವಾದಕಿ ಮಂಜು ಮೆಹ್ತಾ 1980ರಲ್ಲಿ ಇದನ್ನು ಆರಂಭಿಸಿದರು. ಗುಜರಾತಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಧಾರವಾಡದ ಬೈಠಕ್ಕುಗಳನ್ನು ನೆನಪಿಸುವ ರಾತ್ರಿಗಳಿವು. ಶಾಲು ಹೊದ್ದ ರಸಿಕರು, ವಿರಾಮದ ಚಹಾ, ಚಹಾದ ಜೊತೆಗೆ ವಾದ. ಗಾಯನದ ಬಗ್ಗೆ ಎದ್ದ ವಾದ ಬೇಗ ತಣ್ಣಗಾಗುತ್ತದೆ. ಘರಾಣೆಯ ಹೆಸರು ಹೇಳಿದರೆ ಅರ್ಧ ತಕರಾರು ಮುಗಿಯುತ್ತದೆ. ಗಿಟಾರ್ ನುಡಿದ ರಾತ್ರಿಯ ವಾದ ಮಾತ್ರ ಮನೆಯವರೆಗೂ ಬರುತ್ತದೆ. ಇದು ರಾಗವೋ, ಬರಿಯ ಜಾರುವಿಕೆಯೋ? ಇದು ನಮ್ಮದೋ, ಎರವಲೋ?

ಈ ಪ್ರಶ್ನೆಗೆ ಅಹಮದಾಬಾದ್ ಸರಿಯಾದ ಊರು. ಹಿಂದೂಸ್ತಾನಿ ಸಂಗೀತದ ಪೂರ್ಣ ಪ್ರಮಾಣದ ಕಛೇರಿಗೆ ಗಿಟಾರನ್ನು ತಂದ ಬ್ರಿಜ್‌ಭೂಷಣ್ ಕಾಬ್ರಾ ಈ ಊರಿನಲ್ಲಿ ನೆಲೆಸಿದ್ದವರು. 2018ರ ಏಪ್ರಿಲ್ ತಿಂಗಳಲ್ಲಿ ಇಲ್ಲಿಯೇ ತೀರಿಕೊಂಡರು. ಹುಟ್ಟಿದ್ದು 1937ರಲ್ಲಿ, ಜೋಧಪುರದಲ್ಲಿ. ಉಸ್ತಾದ್ ಅಲಿ ಅಕ್ಬರ್ ಖಾನ್ ತರುಣರಾಗಿದ್ದಾಗ ಜೋಧಪುರದ ಆಸ್ಥಾನ ವಿದ್ವಾಂಸರಾಗಿದ್ದರು. ಕಾಬ್ರಾ ಮನೆತನಕ್ಕೂ ಅವರಿಗೂ ಬಳಕೆ ಬೆಳೆದಿತ್ತು. ಅಣ್ಣ ದಾಮೋದರಲಾಲ್ ಸರೋದ್ ಹಿಡಿದರು. ತಮ್ಮನಿಗೆ ಮನಸ್ಸು ಹೋದದ್ದು ಗಿಟಾರಿನ ಮೇಲೆ. ನುಡಿಸುವುದಾದರೆ ಶಾಸ್ತ್ರೀಯವನ್ನೇ ನುಡಿಸಬೇಕು ಎಂಬ ಮಾತನ್ನು ತಂದೆ ಮಗನಿಂದ ಪಡೆದುಕೊಂಡರು ಎಂಬ ಕಥೆ ರಸಿಕರ ನಡುವೆ ಪ್ರಚಲಿತವಾಗಿದೆ. ಕಥೆ ಅಕ್ಷರಶಃ ನಿಜವಿರಲಿ ಇಲ್ಲದಿರಲಿ, ಆ ಕಾಲದ ಸಂಕೋಚ ಎಂಥದೆಂಬುದನ್ನು ಅದು ಹೇಳುತ್ತದೆ. ಗಿಟಾರ್ ಎಂದರೆ ಅಂದು ಸಿನಿಮಾ, ಹೋಟೆಲಿನ ವಾದ್ಯವೃಂದ, ಆಕಾಶವಾಣಿಯ ಲಘು ಸಂಗೀತ. ಆಲಾಪಕ್ಕೂ ಅದಕ್ಕೂ ಏನು ನಂಟು?

ನಂಟನ್ನು ಅರಿಯಲು ವಾದ್ಯದ ಮೈಯನ್ನು ನೋಡಬೇಕು. ಗಿಟಾರಿನ ಕುತ್ತಿಗೆಯ ಮೇಲೆ ವೀಣೆಗಿರುವಂತೆ ಮೆಟ್ಟುಗಳಿವೆ. ಆದರೆ ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯಬಹುದು. ಸಿತಾರಿನಲ್ಲಿ ಒಂದೇ ಮೆಟ್ಟಿನ ಮೇಲೆ ನಾಲ್ಕೈದು ಸ್ವರಗಳವರೆಗೆ ಮೀಂಡ್ ಎಳೆಯಬಹುದು. ಗಿಟಾರಿನ ಚಪ್ಪಟೆ ಕುತ್ತಿಗೆ ಅಷ್ಟು ಎಳೆತಕ್ಕೆ ಎಡೆಗೊಡದು. ಅದನ್ನು ಎದೆಗೆ ಒರಗಿಸಿ ಬೆರಳೊತ್ತಿ ನುಡಿಸಿದರೆ ಸ್ವರದಿಂದ ಸ್ವರಕ್ಕೆ ಹಾರಬೇಕೇ ಹೊರತು ನಡೆದುಹೋಗಲಾಗದು. ಹವಾಯಿ ದ್ವೀಪದವರು ಇದಕ್ಕೆ 19ನೆಯ ಶತಮಾನದ ಕೊನೆಯಲ್ಲಿಯೇ ಬೇರೊಂದು ದಾರಿ ಕಂಡುಕೊಂಡಿದ್ದರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳನ್ನು ಎತ್ತರಿಸಿ, ಬೆರಳಿನ ಬದಲು ಉಕ್ಕಿನ ಸಲಾಕೆಯನ್ನು ತಂತಿಯ ಮೇಲೆ ಜಾರಿಸುವುದು. ಆಗ ಮೆಟ್ಟುಗಳು ಇದ್ದೂ ಇಲ್ಲದಂತಾಗುತ್ತವೆ. ಅವು ದಾರಿಯ ಬದಿಯ ಮೈಲಿಗಲ್ಲುಗಳು ಮಾತ್ರ. ಈ ವಿಧಾನವನ್ನು ಕಂಡುಹಿಡಿದ ಹೆಗ್ಗಳಿಕೆಯನ್ನು ಸಾಮಾನ್ಯವಾಗಿ ಜೋಸೆಫ್ ಕೆಕುಕು ಎಂಬ ಹವಾಯಿಯನ್ನನಿಗೆ ಕೊಡುತ್ತಾರೆ.

1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದಲ್ಲಿ ಹವಾಯಿಯ ಸಂಗೀತ ಕೇಳಿದ ಅಮೆರಿಕದವರು ಅದಕ್ಕೆ ಮರುಳಾದರು. ಅಲ್ಲಿಂದ ಆ ನಾದ ಎರಡು ಕವಲಾಯಿತು. ಒಂದು ಕವಲು ಹಡಗೇರಿ ಕಲಕತ್ತೆಗೆ ಬಂತು. 1940ರ ದಶಕದಲ್ಲಿ ಟೌ ಮೋ ಎಂಬ ಹವಾಯಿಯನ್ ವಾದಕ ಕುಟುಂಬಸಮೇತ ಕೆಲವು ವರ್ಷ ಅಲ್ಲಿ ನೆಲೆಸಿದ್ದ. ಇನ್ನೊಂದು ಕವಲು ಅಮೆರಿಕದ ಬೆಟ್ಟನಾಡಿಗೆ ಹೋಯಿತು. ಅಲ್ಲಿ ಬಿಲ್ ಮನ್ರೋ ಎಂಬಾತ ತನ್ನ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಎಂದು ಹೆಸರಿಟ್ಟಿದ್ದ. ತಂಡದ ಹೆಸರೇ ಮುಂದೆ ಬ್ಲೂಗ್ರಾಸ್ ಎಂಬ ಒಂದು ಸಂಗೀತ ಪ್ರಕಾರದ ಹೆಸರಾಯಿತು. ಪಿಟೀಲು, ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೋಗಳ ಆ ಸಭೆಗೆ 1955ರಲ್ಲಿ ಜಾಶ್ ಗ್ರೇವ್ಸ್ ಎಂಬ ವಾದಕ ಡೋಬ್ರೊವನ್ನು, ಅಂದರೆ ಲೋಹದ ತಟ್ಟೆಯಿಂದ ಧ್ವನಿ ಹಿಗ್ಗಿಸುವ, ಮಲಗಿಸಿ ನುಡಿಸುವ ಗಿಟಾರನ್ನು ತಂದ. ಬ್ಯಾಂಜೋದವರು ಮೂರು ಬೆರಳುಗಳಿಂದ ಸುರಿಸುತ್ತಿದ್ದ ಬಿರುಮಳೆಯನ್ನು ಅವನು ಈ ನಿಧಾನದ ವಾದ್ಯದ ಮೇಲೆ ಸುರಿಸಿದ. ಅಲ್ಲಿಯ ರಸಿಕರ ಜಗಳವೂ ನಮ್ಮದರಂತೆಯೇ ಇದೆ: ವೇಗ ದೊಡ್ಡದೋ, ಸ್ವರ ದೊಡ್ಡದೋ? ಕೈಚಳಕ ಕೇಳಬೇಕೋ, ಹಾಡು ಕೇಳಬೇಕೋ? 1965ರಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್‌ನಲ್ಲಿ ಬ್ಲೂಗ್ರಾಸಿನ ಮೊದಲ ದೊಡ್ಡ ಬಯಲು ಉತ್ಸವ ನಡೆದ ಮೇಲೆ ಈ ಜಗಳಕ್ಕೂ ಒಂದು ಬಯಲು ಸಿಕ್ಕಿತೆನ್ನಬೇಕು.

ಹೀಗೆ ಒಂದೇ ತಾಯಿಯ ಎರಡು ಮಕ್ಕಳು ಬೇರೆ ಬೇರೆ ಮನೆಯಲ್ಲಿ ಬೆಳೆದವು. ಅಮೆರಿಕದ ಕೂಸು ಓಡಲು ಕಲಿಯಿತು. ನಮ್ಮ ಕೂಸು ಕಾಬ್ರಾ ಅವರ ಕೈಯಲ್ಲಿ ನಿಲ್ಲಲು ಕಲಿಯಿತು.

ನಿಲ್ಲುವುದು ಎಂದೆ, ಅದು ಹೊಗಳಿಕೆಯ ಮಾತು. ಸಲಾಕೆಗೆ ಒಂದು ದೊಡ್ಡ ಮಿತಿಯಿದೆ. ಸಿತಾರ್ ವಾದಕನಿಗೆ ತಂತಿಯನ್ನು ಒತ್ತಲು ಎಡಗೈಯ ಒಂದಕ್ಕಿಂತ ಹೆಚ್ಚು ಬೆರಳುಗಳಿವೆ. ಮಲಗಿದ ಗಿಟಾರಿಗೆ ಇರುವುದು ಒಂದೇ ಒಂದು ಸಲಾಕೆ. ಅದನ್ನು ಎತ್ತಿ ಇಡುವಷ್ಟರಲ್ಲಿ ಸಮಯ ಹೋಗುತ್ತದೆ, ಎತ್ತದೆ ಓಡಿಸಿದರೆ ನಡುವಿನ ಸ್ವರಗಳೆಲ್ಲ ಮಸುಕಾಗುತ್ತವೆ. ಆದ್ದರಿಂದ ದ್ರುತ ತಾನ್ ಈ ವಾದ್ಯದ ಸಹಜ ಗುಣವಲ್ಲ. ಅದರ ಸಂಪತ್ತು ದೀರ್ಘವಾಗಿ ಉಳಿಯುವ ನಾದ ಮತ್ತು ಮುರಿಯದ ಮೀಂಡ್. ಕಾಬ್ರಾ ಈ ಮಿತಿಯನ್ನು ಒಪ್ಪಿಕೊಂಡು ಅದರೊಳಗೇ ಮನೆ ಕಟ್ಟಿದರು. ಒಂದು ಮೀಟಿಗೆ ಎಷ್ಟು ದೂರ ಸ್ವರ ಸಾಗಬಲ್ಲುದೋ ಅಷ್ಟು ದೂರ ಅದನ್ನು ಹೋಗಗೊಟ್ಟರು. ಶ್ರುತಿಗೂ ಝಾಲಾಕ್ಕೂ ಬೇಕಾದ ಚಿಕಾರಿ ತಂತಿ ಸೇರಿಸಿಕೊಂಡರು. ವಿರೋಧಿಗಳು ಹೇಳುವುದೂ ಸುಳ್ಳಲ್ಲ: ಎಲ್ಲ ಸ್ವರಗಳನ್ನೂ ಜಾರಿಸಿದರೆ ಜಾರಿಕೆಗೆ ಬೆಲೆಯಿರದು; ತುಪ್ಪ ಹೆಚ್ಚಾದ ಹೋಳಿಗೆಯಂತೆ ಎರಡನೆಯದಕ್ಕೇ ಸಾಕೆನಿಸುತ್ತದೆ. ಕಾಬ್ರಾ ಅವರ ಒಳ್ಳೆಯ ಆಲಾಪಗಳಲ್ಲಿ ಈ ಅಪಾಯ ತಪ್ಪಿದೆ. ಎಲ್ಲಿ ಜಾರಬಾರದು ಎಂಬುದು ಅವರಿಗೆ ತಿಳಿದಿತ್ತು.

ಅವರ ಹೆಸರು ಲೋಕಕ್ಕೆ ತಿಳಿದದ್ದು 1967ರ ಕಾಲ್ ಆಫ್ ದಿ ವ್ಯಾಲಿ ಧ್ವನಿಮುದ್ರಿಕೆಯಿಂದ. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಕಾಬ್ರಾ ಗಿಟಾರ್, ಮಾಣಿಕ್‌ರಾವ್ ಪೋಪಟ್ಕರ್ ತಬಲಾ. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಅಹೀರ್ ಭೈರವದಿಂದ ಪಹಾಡಿಯವರೆಗೆ ರಾಗಗಳಲ್ಲಿ ಹೇಳುವ ಕಲ್ಪನೆ. ಚೆಲುವಾದ ತಟ್ಟೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿಯೂ ಅದು ನುಡಿದಿದೆ. ಆದರೆ ಮೂವರಲ್ಲಿ ಆ ತಟ್ಟೆಯಿಂದ ನಷ್ಟವಾದುದು ಕಾಬ್ರಾ ಒಬ್ಬರಿಗೇ ಎಂಬುದು ನನ್ನ ಎಣಿಕೆ. ಸಂತೂರ್ ಮತ್ತು ಬಾನ್ಸುರಿ ಚಿಕ್ಕ ಅವಧಿಯಲ್ಲಿಯೂ ಮಿಂಚಬಲ್ಲವು. ಗಿಟಾರಿಗೆ ಗಂಟೆ ಬೇಕು. ತಟ್ಟೆಯಿಂದ ಅವರನ್ನು ಅರಿತವರು ಗಿಟಾರನ್ನು ಚಿತ್ರದ ಹಿನ್ನೆಲೆಯ ಬಣ್ಣವೆಂದು ತಿಳಿದರು; ಎದುರು ಕುಳಿತು ಆಲಾಪ, ಜೋಡ್, ಝಾಲಾ ಪೂರ್ತಿ ಕೇಳಿದವರು ಮಾತ್ರ ಅದನ್ನು ವಾದ್ಯವೆಂದು ಒಪ್ಪಿದರು. ಈ ಊರಿನ ಹಿರಿಯ ರಸಿಕರ ಅಭಿಮಾನಕ್ಕೂ ಹೊರಗಿನವರ ಅನುಮಾನಕ್ಕೂ ನಡುವಿನ ಅಂತರ ಇದೇ.

ಪರದೇಶಿ ವಾದ್ಯವೊಂದು ನಮ್ಮದಾಗುವುದು ಹೇಗೆಂಬ ಪ್ರಶ್ನೆಯನ್ನು ಗುಜರಾತ್ ಮೊದಲು ಎದುರಿಸಿದ್ದು ಗಿಟಾರಿನ ಮೂಲಕವಲ್ಲ. ಅದಕ್ಕಾಗಿ ಅಹಮದಾಬಾದಿನಿಂದ ರೈಲಿನಲ್ಲಿ ಎರಡು ಗಂಟೆಯ ದಾರಿಯ ವಡೋದರೆಗೆ ಹೋಗಬೇಕು. ಅಂದಿನ ಬರೋಡಾ ಸಂಸ್ಥಾನ, ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲ. ಮೈಸೂರಿನಂತೆಯೇ ಅಲ್ಲಿಯೂ ಒಂದು ಕಡೆ ಉಸ್ತಾದರು, ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು. 1886ರಲ್ಲಿ ಅಲ್ಲಿ ಗಾಯನಶಾಲೆ ತೆರೆಯಿತು. ಇಂದಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗದ ಬೇರು ಅದೇ. ಅದರ ಮೊದಲ ಗುರು ಮೌಲಾ ಬಕ್ಷ್. ಉತ್ತರದಿಂದ ಬಂದ ಈ ವಿದ್ವಾಂಸ ದಕ್ಷಿಣಕ್ಕೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತು, ಮೈಸೂರಿನ ದೊರೆಯಿಂದ ರಾಜಮರ್ಯಾದೆ ಪಡೆದು, ಆಮೇಲೆ ಬರೋಡೆಗೆ ಬಂದವರು. ಎರಡೂ ಪದ್ಧತಿಗಳನ್ನು ಬಲ್ಲವರೊಬ್ಬರು ತಮ್ಮದೇ ಸ್ವರಲಿಪಿ ರೂಪಿಸಿ ಶಾಲೆಯ ಹಲಗೆಯ ಮೇಲೆ ಸಂಗೀತ ಕಲಿಸಲು ಹೊರಟದ್ದು ಅಂದು ಸಣ್ಣ ಸಾಹಸವಲ್ಲ. ಅವರ ಮೊಮ್ಮಗ ಇನಾಯತ್ ಖಾನ್, ವೀಣಾ ವಾದಕ, 1910ರಲ್ಲಿ ಸೋದರರೊಡನೆ ಅಮೆರಿಕಕ್ಕೆ ಹಡಗೇರಿದರು. ಹವಾಯಿಯ ಗಿಟಾರ್ ಅಮೆರಿಕವನ್ನು ಮರುಳುಮಾಡುವುದಕ್ಕೆ ಐದು ವರ್ಷ ಮೊದಲೇ ಬರೋಡೆಯ ಸ್ವರಗಳು ಅಲ್ಲಿ ಕೇಳಿಬಂದಿದ್ದವು.

1916ರಲ್ಲಿ ಇದೇ ಬರೋಡೆಯಲ್ಲಿ, ವಿಷ್ಣು ನಾರಾಯಣ ಭಾತಖಂಡೆಯವರ ಮುಂದಾಳ್ತನದಲ್ಲಿ, ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ಸೇರಿತು. ಅಲ್ಲಿ ಚರ್ಚೆಯಾದ ವಿಷಯಗಳಲ್ಲಿ ಶ್ರುತಿಯ ಲೆಕ್ಕವೂ ಒಂದು. ಹಾರ್ಮೋನಿಯಮ್ಮಿನ ಹನ್ನೆರಡು ಮನೆಗಳಲ್ಲಿ ನಮ್ಮ ರಾಗಗಳು ವಾಸಿಸಲಾರವು ಎಂಬ ದೂರು ಹಳೆಯದು. ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ನ್ಯಾಯಾಧೀಶ ಕ್ಲೆಮೆಂಟ್ಸ್ ಇದಕ್ಕೆ ಪರಿಹಾರವೆಂದು 22 ಶ್ರುತಿಗಳನ್ನು ಅಳವಡಿಸಿದ ಹಾರ್ಮೋನಿಯಮ್ಮನ್ನು ಮುಂದಿಟ್ಟಿದ್ದರು. ಲೆಕ್ಕ ಸೂಕ್ಷ್ಮವಾಗಿತ್ತು, ಶ್ರಮ ಪ್ರಾಮಾಣಿಕವಾಗಿತ್ತು. ಸಂಗೀತಗಾರರು ಒಪ್ಪಲಿಲ್ಲ. ಮನೆಗಳನ್ನು ಇಪ್ಪತ್ತೆರಡು ಮಾಡಿದರೂ ಅವು ಮನೆಗಳೇ. ಎರಡು ಮನೆಗಳ ನಡುವಿನ ಬೀದಿಯಲ್ಲಲ್ಲವೇ ರಾಗ ಓಡಾಡುವುದು!

ಹಾರ್ಮೋನಿಯಮ್ಮಿನ ಮುಂದಿನ ಪಾಡು ಎಲ್ಲರಿಗೂ ಗೊತ್ತು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮೂರು ದಶಕ ಆ ಬಹಿಷ್ಕಾರ ನಡೆಯಿತು. ಇಲ್ಲೊಂದು ಮಾತು ಸೇರಿಸಬೇಕು. ಈ ತೀರ್ಪು ಕೊಟ್ಟದ್ದು ಕಚೇರಿ, ಕೇಳುಗರಲ್ಲ. ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಬೈಠಕ್ಕುಗಳಲ್ಲಿ ಹಾರ್ಮೋನಿಯಂ ಒಂದು ದಿನವೂ ನಿಂತಿರಲಿಲ್ಲ. ಸಾಥಿಗೆ ಅದು ಸಾಕು ಎಂದು ರಸಿಕರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಹಾಡುವವನ ಹಿಂದೆ ನಡೆಯಲಿ, ಒಂಟಿಯಾಗಿ ರಾಗ ಹೇಳುವಾಗ ನೋಡೋಣ ಎಂಬ ನಮ್ಮ ಜನರ ಹದವಾದ ನಿಲುವು ಆಕಾಶವಾಣಿಯ ನಿಲುವಿಗಿಂತ ವಿವೇಕದ್ದು.

ಇನ್ನು ಪಿಟೀಲು. ಇದಕ್ಕೆ ಕನ್ನಡದ ನೆಲವೇ ಸಾಕ್ಷಿ. ಫಿಡ್ಲ್ ಎಂಬ ಪರದೇಶಿ ಮಾತೇ ನಮ್ಮ ಬಾಯಲ್ಲಿ ಪಿಟೀಲಾಯಿತು. ಅದು ಎಷ್ಟರಮಟ್ಟಿಗೆ ಮನೆಯ ಮಾತಾಯಿತೆಂದರೆ, ತಲೆ ತಿನ್ನುವವನಿಗೆ ‘ಪಿಟೀಲು ಕುಯ್ಯಬೇಡ’ ಎನ್ನುತ್ತೇವೆ. ಬೈಗುಳಕ್ಕೆ ಒದಗಿದ ವಸ್ತು ಪೂರ್ತಿ ನಮ್ಮದಾಯಿತೆಂದೇ ಲೆಕ್ಕ. 19ನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಪಾಶ್ಚಾತ್ಯರು ಪಿಟೀಲನ್ನು ಗದ್ದಕ್ಕೂ ಭುಜಕ್ಕೂ ನಡುವೆ ಇರಿಸಿಕೊಂಡು, ಬಹುಮಟ್ಟಿಗೆ ನಿಂತೇ ನುಡಿಸುತ್ತಾರೆ. ನಮ್ಮವರು ನೆಲಕ್ಕೆ ಕುಳಿತರು. ವಾದ್ಯದ ಬುಡವನ್ನು ಎದೆಗೂ ತುದಿಯನ್ನು ಪಾದಕ್ಕೂ ಆನಿಸಿದರು. ಹೀಗೆ ವಾದ್ಯ ಭದ್ರವಾಗಿ ನಿಂತ ಕೂಡಲೇ ಎಡಗೈಗೆ ಅದನ್ನು ಹೊರುವ ಕೆಲಸ ತಪ್ಪಿತು. ಬೆರಳು ತಂತಿಯ ಉದ್ದಕ್ಕೂ ನಿರಾತಂಕವಾಗಿ ಜಾರಬಹುದಾಯಿತು. ಗಮಕ ಹುಟ್ಟಿದ್ದು ಕುಳಿತ ಭಂಗಿಯಲ್ಲಿ. ಪಿಟೀಲಿಗೆ ಮೆಟ್ಟುಗಳೇ ಇಲ್ಲವೆಂಬುದು ಅರ್ಧ ಕಾರಣ. ಉಳಿದರ್ಧ ಕಾರಣ ಈ ಕುಳಿತುಕೊಳ್ಳುವಿಕೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿದಾಗಲೂ ನಡೆದದ್ದು ಇದೇ.

ಹಾಗೆಂದು ವಾದ ನಿಂತಿತೇ? ನಮ್ಮ ತಿರುಮಕೂಡಲಿನ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ಸೇರಿಸಿ ಏಳು ಮಾಡಿದಾಗ ಶುದ್ಧಿಪಕ್ಷದವರು ಮುಖ ಸಿಂಡರಿಸಿದರು. ಧ್ವನಿವರ್ಧಕವಿಲ್ಲದ ಕಾಲ, ದೊಡ್ಡ ಸಭೆಯ ಹಿಂದಿನ ಸಾಲಿಗೆ ನಾದ ಮುಟ್ಟಬೇಕಿತ್ತು. ಚೌಡಯ್ಯನವರು ಹಿಂದಿನ ಸಾಲಿನವನ ಪರ ನಿಂತರು. ಬೆಂಗಳೂರಿನಲ್ಲಿ ಅವರ ಹೆಸರಿನ ಭವನವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿರುವುದು ಆ ಸಾಲಿನವರ ಕೃತಜ್ಞತೆ ಎಂದು ನಾನು ತಿಳಿದಿದ್ದೇನೆ. ಮೆಟ್ಟೂ ಇಲ್ಲದ, ತಂತಿಯೂ ಇಲ್ಲದ, ಬರಿಯ ಕೀಲಿಗಳಿರುವ ಸ್ಯಾಕ್ಸೊಫೋನಿನಲ್ಲಿ ಗಮಕ ತೆಗೆದ ಕದ್ರಿ ಗೋಪಾಲನಾಥರೂ ನಮ್ಮವರೇ. ಅವರು ಆ ವಾದ್ಯವನ್ನು ಮೊದಲು ಕಂಡದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ.

ವಡೋದರೆಯಿಂದ ಅದೇ ರೈಲಿನಲ್ಲಿ ದಕ್ಷಿಣಕ್ಕೆ ಸೂರತ್ತಿನತ್ತ ಹೊರಟರೆ ನಡುವೆ ನರ್ಮದೆಯ ದಂಡೆಯಲ್ಲಿ ಭರೂಚ್ ಸಿಗುತ್ತದೆ. ಬಡತನದಲ್ಲಿ ಅಲ್ಲಿ ಬೆಳೆದ ಓಂಕಾರನಾಥ ಠಾಕೂರ್ ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಗೀತ ಮಹಾವಿದ್ಯಾಲಯದ ಮುಖ್ಯಸ್ಥರಾದರು. ಅವರು ಗಾಯಕರು, ಆದರೆ ಪಿಟೀಲಿನ ಚರಿತ್ರೆಯಲ್ಲಿ ಅವರಿಗೊಂದು ಸ್ಥಾನವಿದೆ. ದಕ್ಷಿಣದ ಎನ್. ರಾಜಂ ಅವರಿಂದ ಖಯಾಲ್ ಕಲಿತು, ಅದನ್ನು ಪಿಟೀಲಿನ ಕಮಾನಿನಲ್ಲಿ ಹಾಡಿಸಿದರು. ಗಾಯಕಿ ಅಂಗ ಎಂದು ಅದನ್ನು ಕರೆಯುತ್ತಾರೆ. ಎದುರು ಪಕ್ಷದಲ್ಲಿ ವಿ.ಜಿ. ಜೋಗ್ ಇದ್ದರು: ತಂತಿವಾದ್ಯದ ಲಯದಾಟ, ತುಂಡು ತುಂಡಾದ ಕಮಾನು, ತಬಲಾದೊಡನೆ ಸವಾಲ್-ಜವಾಬ್. ಪಿಟೀಲು ಹಾಡಬೇಕೋ, ನುಡಿಯಬೇಕೋ ಎಂದು ರಸಿಕರು ಎರಡಾದರು. ಕಂಠವನ್ನೇ ಅಳತೆಗೋಲಾಗಿ ಹಿಡಿಯುವ ನಮ್ಮ ಧಾರವಾಡದ ಕಿವಿ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ. ಆ ಕಿವಿಯನ್ನು ತಿದ್ದಿದವರಲ್ಲೊಬ್ಬರು ಭಾಸ್ಕರಬುವಾ ಬಖಲೆ. ಸೂರತ್ ಜಿಲ್ಲೆಯ ಕಠೋರ್ ಗ್ರಾಮದಲ್ಲಿ ಹುಟ್ಟಿ, ಬರೋಡೆಯಲ್ಲಿ ಕಲಿತು, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕೆಲವು ವರ್ಷ ಸಂಗೀತ ಮೇಷ್ಟರಾಗಿದ್ದವರು. ಬರೋಡೆಯ ಆಸ್ಥಾನ ಬಿಟ್ಟು ಮಿರಜಿಗೆ ಬಂದ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದ್ದನ್ನು ಇಲ್ಲಿ ನೆನೆಯದಿದ್ದರೆ ಧಾರವಾಡದ ಓದುಗರು ನನ್ನನ್ನು ಕ್ಷಮಿಸುವುದಿಲ್ಲ. ಗುಜರಾತಿನ ಈ ದಾರಿಗೂ ನಮ್ಮ ಕಿವಿಗಳಿಗೂ ಹಳೆಯ ಲೇವಾದೇವಿ ಇದೆ.

ಗಿಟಾರಿನ ವಿಚಾರದಲ್ಲಿಯೂ ಆ ಲೇವಾದೇವಿ ನಡೆದಿದೆ. ಅಲಿ ಅಕ್ಬರ್ ಖಾನರ ತಂದೆ, ಮೈಹರಿನ ಬಾಬಾ ಅಲ್ಲಾಉದ್ದೀನ್ ಖಾನರು ಸರೋದಿನಷ್ಟೇ ಪ್ರೀತಿಯಿಂದ ಪಿಟೀಲನ್ನೂ ನುಡಿಸುತ್ತಿದ್ದರು. ಗಿಟಾರ್ ಮತ್ತು ಪಿಟೀಲು ಎರಡರಲ್ಲಿಯೂ ಹೆಸರಾದ, ಹಿಂದಿ ಚಿತ್ರಸಂಗೀತದ ವ್ಯಾನ್ ಶಿಪ್ಲಿ ಆ ಮನೆಯಲ್ಲಿ ಕಲಿತವರೇ. ಪರದೇಶಿ ವಾದ್ಯವೆಂದು ಆ ಮನೆ ಯಾವುದನ್ನೂ ಬಾಗಿಲಲ್ಲಿ ತಡೆಯಲಿಲ್ಲ. ಕಾಬ್ರಾ ಅಲಿ ಅಕ್ಬರರ ಶಿಷ್ಯರು. ನಮ್ಮ ರಾಜೀವ ತಾರಾನಾಥರೂ ಅಲಿ ಅಕ್ಬರರ ಶಿಷ್ಯರು. ಹಾಗಾಗಿ ಇಬ್ಬರೂ ಗುರುಬಂಧುಗಳು. ರಾಜೀವರು ಮೊದಲು ಹಾಡುಗಾರಿಕೆ ಕಲಿತವರು, ಆಮೇಲೆ ಸರೋದ್ ಹಿಡಿದವರು. ಸರೋದಿಗೂ ಮೆಟ್ಟುಗಳಿಲ್ಲ, ಲೋಹದ ಹಲಗೆಯ ಮೇಲೆ ಬೆರಳಿನ ಉಗುರು ಜಾರುತ್ತದೆ. ಇಬ್ಬರ ಆಲಾಪವನ್ನು ಒಂದಾದ ಮೇಲೊಂದು ಕೇಳಿದರೆ ಗುರುವಿನ ನಡೆ ಒಂದೇ, ನೆಲ ಬೇರೆ ಎನಿಸುತ್ತದೆ. ಸರೋದಿನಲ್ಲಿ ಸ್ವರ ಹುಟ್ಟಿದೊಡನೆ ಆರತೊಡಗುತ್ತದೆ, ವಾದಕ ಮತ್ತೆ ಮೀಟಬೇಕು. ಗಿಟಾರಿನಲ್ಲಿ ಅದು ತಡೆದು ನಿಲ್ಲುತ್ತದೆ. ರಾಜೀವರಲ್ಲಿ ಮಾತಿನ ಕಸುವು, ಕಾಬ್ರಾರಲ್ಲಿ ಉಸಿರಿನ ಉದ್ದ. ಯಾವುದು ಮೇಲೆಂದು ಕೇಳಿದರೆ ಕನ್ನಡಿಗನಾದ ನಾನು ನಿಷ್ಪಕ್ಷಪಾತಿಯಲ್ಲ.

ಕಾಬ್ರಾರ ನಂತರದ ಹೆಸರು ವಿಶ್ವಮೋಹನ ಭಟ್ಟರದು. ಇವರು ಸಪ್ತಕ್ಕಿನ ಮಂಜು ಮೆಹ್ತಾರ ಸೋದರ, ಜೈಪುರದವರು. ಗಿಟಾರಿಗೆ ತರಬ್ ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿದರು. 1993ರ ಎ ಮೀಟಿಂಗ್ ಬೈ ದಿ ರಿವರ್ ಮುದ್ರಿಕೆಗಾಗಿ ರೈ ಕೂಡರ್ ಜೊತೆ ಗ್ರ್ಯಾಮಿ ಪಡೆದರು. ಕಾಬ್ರಾ ಬಿಟ್ಟುಕೊಟ್ಟಿದ್ದ ವೇಗವನ್ನು ಭಟ್ಟರು ಮರಳಿ ಕೇಳಿದರು, ಬಹುಮಟ್ಟಿಗೆ ಪಡೆದರು. ಜಾಶ್ ಗ್ರೇವ್ಸ್ ಅಮೆರಿಕದಲ್ಲಿ ಮಾಡಿದ್ದೇ ಇದು. ಆದ್ದರಿಂದ ಬ್ಲೂಗ್ರಾಸಿನ ಇಂದಿನ ದೊಡ್ಡ ಡೋಬ್ರೊ ವಾದಕ ಜೆರ್ರಿ ಡಗ್ಲಸ್ ಮತ್ತು ಭಟ್ಟರು 1995ರ ಬರ್ಬನ್ ಅಂಡ್ ರೋಸ್‌ವಾಟರ್ ಮುದ್ರಿಕೆಯಲ್ಲಿ ಎದುರುಬದುರು ಕುಳಿತದ್ದು, ಹವಾಯಿಯಲ್ಲಿ ಅಗಲಿದ ದಾಯಾದಿಗಳು ಮತ್ತೆ ಭೇಟಿಯಾದಂತೆ. ಭೇಟಿ ಮಧುರವಾಗಿದೆ. ಆದರೆ ಇಬ್ಬರೂ ತೀರ ಸೌಜನ್ಯವಂತರು. ಒಬ್ಬರು ಮುಗಿಸಲೆಂದು ಇನ್ನೊಬ್ಬರು ಕಾಯುತ್ತಾರೆ. ಬೀಗರ ಮನೆಯ ಮೊದಲ ಊಟದ ಹಾಗೆ, ಯಾರೂ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ. ಸಪ್ತಕ್ಕಿನ ಹೊರಗೆ ಚಹಾ ಹಿಡಿದು ನಡೆಯುವ ವಾದದಲ್ಲಿ ಕಿರಿಯರು ಭಟ್ಟರ ಕಡೆ, ಹಿರಿಯರು ಕಾಬ್ರಾರ ಕಡೆ. ಕಾಬ್ರಾರ ಶಿಷ್ಯ, ಕಲಕತ್ತೆಯ ದೇಬಾಶಿಷ್ ಭಟ್ಟಾಚಾರ್ಯರ ಹೆಸರು ಬಂದರೆ ಮಾತ್ರ ಎರಡೂ ಪಕ್ಷ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಗುರುವಿನ ನಿಧಾನವೂ ಕಾಲದ ವೇಗವೂ ಅವರಲ್ಲಿ ಕೂಡಿವೆ.

ನಂದನ್ ಮೆಹ್ತಾ 2010ರಲ್ಲಿ ಹೋದರು. 2018ರಲ್ಲಿ ಕಾಬ್ರಾ. 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ರಾಜೀವ ತಾರಾನಾಥರು, ಅದೇ ವರ್ಷದ ಆಗಸ್ಟಿನಲ್ಲಿ ಮಂಜು ಮೆಹ್ತಾ. ಊರಿಗೆ ಹೋದಾಗ ಗೆಳೆಯರು ಕಾಬ್ರಾ ಎಂದರೆ ಆ ಕಾಶ್ಮೀರದ ತಟ್ಟೆಯವರಲ್ಲವೇ ಎನ್ನುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಅದನ್ನು ಸ್ವಲ್ಪ ದಿನ ಬದಿಗಿಡಿ. ಜಾಕಿರ್ ಹುಸೇನರ ತಬಲಾದೊಡನೆ ಅವರು ಒಂದೊಂದೇ ರಾಗವನ್ನು ದೀರ್ಘವಾಗಿ ನುಡಿಸಿದ ಮುದ್ರಿಕೆಗಳಿವೆ. ರಾತ್ರಿ ಊಟವಾದ ಮೇಲೆ ಒಂದನ್ನು ಹಾಕಿ. ತಬಲಾ ಆರಂಭವಾಗುವವರೆಗಿನ ಭಾಗವನ್ನು ನಡುವೆ ಏಳದೆ ಕೇಳಿ. ಆಮೇಲೆ ಬೇಕಾದರೆ ಜಗಳಕ್ಕೆ ಬನ್ನಿ.